ಕಣ್ಣಿಗೆ ಇಂಜೆಕ್ಷನ್, ಕೈಗೆ ಬರೀ ಬಿಲ್ಲು

ತೊಗರಿಗೆ ಹೊಡೆಯೋ ಔಷಧಿ ಡಬ್ಬಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಮೇಲೆ ಬಣ್ಣದ ಗುರುತು ಇರುತ್ತೆ. ಕೆಂಪಾದರೆ ಭಾರೀ ವಿಷ, ಹಳದಿ ಅದಕ್ಕಿಂತ ಕಮ್ಮಿ, ನೀಲಿ, ಹಸಿರು ಇನ್ನೂ ಕಮ್ಮಿ. ಡಬ್ಬಿ ಜೊತೆ ಮಡಚಿಟ್ಟ ಒಂದು ಚೀಟಿ ಬರುತ್ತೆ. ಅದರಲ್ಲಿ ಹಿಂದಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಬರೆದಿರುತ್ತಾರೆ: ಮೈಮೇಲೆ ಬಿದ್ದರೆ ಏನು ಮಾಡಬೇಕು, ಹೊಟ್ಟೆಗೆ ಹೋದರೆ ಲಕ್ಷಣ ಏನು, ಅದಕ್ಕೆ ಮದ್ದೇನು. ಅಕ್ಷರ ಇರುವೆಯಷ್ಟು ಸಣ್ಣದು, ಒಪ್ಪೋಣ. ಆದರೂ ಕನ್ನಡ ಇದೆ. ಹುಳ ಸಾಯಿಸೋ ವಿಷದ ಜೊತೆ ಆಯಾ ಸೀಮೆಯ ಭಾಷೆಯ ಚೀಟಿ ಇರಲೇಬೇಕು ಅಂತ 1971ರ ಕೀಟನಾಶಕ ನಿಯಮವೇ ಹೇಳುತ್ತೆ.

ಈಗ ನಿಮ್ಮ ಮನೆಯ ಅಜ್ಜಿಗೋ ತಾತನಿಗೋ ಪಟ್ಟಣದ ಆಸ್ಪತ್ರೆಯಲ್ಲಿ ಕಣ್ಣಿನ ಒಳಕ್ಕೇ ಇಂಜೆಕ್ಷನ್ ಕೊಟ್ಟಿದ್ದರೆ, ಆ ಔಷಧಿಯ ಕನ್ನಡ ಚೀಟಿ ಎಲ್ಲಿದೆ ಹುಡುಕಿ. ಸಿಗೋದು ಬಿಲ್ಲು. ಬಿಲ್ಲಿನಲ್ಲಿ ದುಡ್ಡಿನ ಲೆಕ್ಕ ಪೈಸೆ ತಪ್ಪದೆ ಇರುತ್ತೆ. ಔಷಧಿಯ ಹೆಸರು ಕೆಲವು ಸಲ ಇರುತ್ತೆ, ಕೆಲವು ಸಲ ಇರಲ್ಲ. ಯಾವಾಗ ಹೆದರಬೇಕು, ಯಾವಾಗ ಹೆದರಬೇಕಿಲ್ಲ ಅನ್ನೋದನ್ನು ಬರೆದು ಕೊಡೋರು ಎಷ್ಟು ಮಂದಿ? ಬಾಯಲ್ಲಿ ಹೇಳೋದು ಒಂದೇ ಮಾತು: "ಏನೂ ಆಗಲ್ಲ."

ನಮ್ಮ ತಕರಾರು ಈ "ಏನೂ ಆಗಲ್ಲ"ದ ಮೇಲೆ. ಇಂಜೆಕ್ಷನ್ ಮೇಲೆ ನಮಗೆ ತಕರಾರಿಲ್ಲ. ಇದನ್ನು ಮೊದಲೇ ಹೇಳಿಬಿಡ್ತೀವಿ, ಯಾಕೆಂದರೆ ಈ ಬರಹದ ಅರ್ಧ ಭಾಗದ ಸ್ಕ್ರೀನ್‌ಶಾಟ್ ತೆಗೆದು "ಕಣ್ಣಿಗೆ ಸೂಜಿ ಹಾಕಿಸಬೇಡಿ, ಶೇರ್ ಮಾಡಿ" ಅಂತ ಗ್ರೂಪಿಗೆ ಹಾಕೋರು ಇದ್ದೇ ಇರ್ತಾರೆ.

ಕಾಯಿಲೆ ಯಾವುದು ಅಂತ ಮೊದಲು ನೋಡೋಣ. ನಮ್ಮ ಕಡೆ ವಯಸ್ಸಾದವರಿಗೆ ಕಣ್ಣು ಮಂಜಾದರೆ ಎಲ್ಲರೂ ಹೇಳೋದು ಪೊರೆ ಬಂದಿದೆ ಅಂತ. ಪೊರೆ ಅನ್ನೋದು ಕಣ್ಣಿನ ಮುಂದಿನ ಮಸೂರದ ತೊಂದರೆ. ಆಪರೇಷನ್ ಮಾಡಿ ಲೆನ್ಸ್ ಹಾಕಿದರೆ ಸಾಮಾನ್ಯವಾಗಿ ಮುಗೀತು. ನಾವು ಹೇಳ್ತಿರೋದು ಕಣ್ಣಿನ ಹಿಂದಿನ ಪರದೆಯ ಕಾಯಿಲೆ. ಆ ಪರದೆಗೆ ಡಾಕ್ಟರುಗಳು ರೆಟಿನಾ ಅಂತಾರೆ, ಊರಲ್ಲಿ "ಕಣ್ಣಿನ ನರ" ಅಂತೀವಿ. ಅದರ ನಟ್ಟನಡುವೆ ಮ್ಯಾಕುಲಾ ಅನ್ನೋ ಪುಟ್ಟ ಜಾಗ ಇದೆ. ಅಕ್ಷರ ಓದೋದು, ಸೂಜಿಗೆ ದಾರ ಪೋಣಿಸೋದು, ಎದುರಿಗೆ ನಿಂತವರ ಮುಖ ಗುರುತು ಹಿಡಿಯೋದು ಎಲ್ಲ ಆ ಜಾಗದ ಕೆಲಸ. ವಯಸ್ಸಾದಂತೆ ಅದು ಸವೆಯೋ ಕಾಯಿಲೆಗೆ ಎಎಂಡಿ ಅಂತ ಹೆಸರು. ಅದರಲ್ಲಿ ಒಣ ಬಗೆ, ಒದ್ದೆ ಬಗೆ ಅಂತ ಎರಡು. ಒಣದು ವರ್ಷಗಟ್ಟಲೆ ನಿಧಾನವಾಗಿ ಸವೆಸುತ್ತೆ. ಒದ್ದೆಯದರಲ್ಲಿ ರೆಟಿನಾದ ಅಡಿಯಲ್ಲಿ ಬೇಡದ ರಕ್ತನಾಳಗಳು ಹುಟ್ಟಿಕೊಂಡು, ನೀರು, ರಕ್ತ ಸೋರಿ, ಕೆಲವೇ ವಾರ, ತಿಂಗಳಲ್ಲಿ ನಡುವಿನ ನೋಟವನ್ನೇ ತಿಂದುಹಾಕುತ್ತೆ. ನಮ್ಮ ಆಸ್ಪತ್ರೆಗಳಲ್ಲಿ ಎಎಂಡಿಗೆ ಕೊಡೋ ಇಂಜೆಕ್ಷನ್ ಈ ಒದ್ದೆ ಬಗೆಗೆ. ಸಕ್ಕರೆ ಕಾಯಿಲೆಯಿಂದ ಇದೇ ಜಾಗ ಊದಿಕೊಂಡವರಿಗೂ ಇದೇ ಇಂಜೆಕ್ಷನ್ ಕೊಡ್ತಾರೆ, ಹಾಗಾಗಿ ಊರಿಗೊಬ್ಬರಾದರೂ ಇದನ್ನು ಹಾಕಿಸಿಕೊಂಡವರು ಸಿಗ್ತಾರೆ.

ಇದು ಕೆಲಸ ಮಾಡುತ್ತಾ? ಮಾಡುತ್ತೆ. ಇಪ್ಪತ್ತೈದು ವರ್ಷದ ಹಿಂದೆ ಒದ್ದೆ ಬಗೆ ಬಂದವರಿಗೆ ಲೇಸರ್ ಹೊಡೆದು ಸ್ವಲ್ಪ ನಿಧಾನ ಮಾಡೋದು ಬಿಟ್ಟರೆ ಹೆಚ್ಚೇನೂ ದಾರಿ ಇರಲಿಲ್ಲ. 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ರಾನಿಬಿಜುಮ್ಯಾಬ್ ಅನ್ನೋ ಔಷಧಿಯನ್ನು ತಿಂಗಳು ತಿಂಗಳು ಪಡೆದವರ ಪೈಕಿ ನೂರಕ್ಕೆ ಸುಮಾರು 95 ಮಂದಿಯ ನೋಟ ಒಂದು ವರ್ಷದ ನಂತರವೂ ಹೆಚ್ಚು ಕೆಡದೆ ಉಳಿದಿತ್ತು. ಸೂಜಿ ಹಾಕಿದಂತೆ ಮಾಡಿ ಔಷಧಿ ಕೊಡದೆ ಬಿಟ್ಟವರಲ್ಲಿ ಹಾಗೆ ಉಳಿದಿದ್ದು ಸುಮಾರು 62 ಮಂದಿಗೆ. ಇಂಜೆಕ್ಷನ್ ಬೇಡ ಅನ್ನೋರು ಈ ಎರಡು ಅಂಕಿಯ ನಡುವೆ ಇರೋ ಅಷ್ಟೂ ಕಣ್ಣುಗಳ ಜವಾಬ್ದಾರಿ ಹೊರಬೇಕಾಗುತ್ತೆ.

ಇಷ್ಟು ಒಳ್ಳೆಯ ಔಷಧಿ ಇದ್ದೂ ಕಣ್ಣು ಹೋದ ಕಥೆ ನಮ್ಮ ಬಳಗದಲ್ಲೇ ಇದೆ.

ನಮ್ಮಲ್ಲೊಬ್ಬರ ಅಜ್ಜಿಗೆ 74 ವರ್ಷ. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕುವಾಗ ಚುಕ್ಕಿ ಸಾಲು ಸೊಟ್ಟ ಕಾಣ್ತಿದೆ ಅಂತ ಶುರುವಾಯ್ತು. ಬಾಗಿಲ ಚೌಕಟ್ಟು ಬಾಗಿದ ಹಾಗೆ, ಮೊಮ್ಮಗನ ಮುಖದಲ್ಲಿ ಮೂಗಿನ ಜಾಗಕ್ಕೆ ಹೊಗೆ ಕವಿದ ಹಾಗೆ. ಊರಿನ ಕಣ್ಣಿನ ಕ್ಯಾಂಪಿನವರು ನೋಡಿ, ಇದು ಪೊರೆ ಅಲ್ಲ, ನರದ ತೊಂದರೆ, ಬೇಗ ಪಟ್ಟಣಕ್ಕೆ ಹೋಗಿ ಅಂದರು. ಅಲ್ಲಿಯವರೆಗೆ ಎಲ್ಲ ಸರಿಯಾಗೇ ನಡೀತು. ಪಟ್ಟಣದ ಖಾಸಗಿ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಬಲಗಣ್ಣಿಗೆ ಇಂಜೆಕ್ಷನ್ ಬೇಕು ಅಂದರು. ಇಂಗ್ಲಿಷ್ ಫಾರಂ ಮೇಲೆ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿದರು. "ಏನೂ ಆಗಲ್ಲ ಅಜ್ಜಿ, ಇರುವೆ ಕಚ್ಚಿದ ಹಾಗೆ ಅಷ್ಟೇ" ಅಂದರು ನರ್ಸಮ್ಮ.

ಮಾರನೇ ದಿನ ಕಣ್ಣಿನ ಬಿಳಿ ಭಾಗ ಪೂರ್ತಿ ರಕ್ತದ ಕೆಂಪು. ನೋವಿಲ್ಲ, ನೋಟ ಮೊದಲಿದ್ದಂಗೇ ಇದೆ, ಆದರೆ ನೋಡೋಕೆ ಭಯ. ಮನೆಯವರೆಲ್ಲ ಗಾಬರಿಯಾಗಿ, ಬಾಡಿಗೆ ಕಾರು ಮಾಡಿಕೊಂಡು ಅಜ್ಜಿಯನ್ನು ಮತ್ತೆ ಕರ್ಕೊಂಡು ಹೋದರು. ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಸೊಸೆಯ ಮೇಲೆ ರೇಗಿದರು: "ಇಷ್ಟಕ್ಕೆಲ್ಲ ಯಾಕಮ್ಮ ಓಡಿ ಬಂದ್ರಿ? ಸೂಜಿ ಹಾಕಿದ ಕಡೆ ಕೆಂಪಾಗೇ ಆಗುತ್ತೆ." ಡಾಕ್ಟರ ಮಾತು ಸರಿಯೇ. ಆ ಕೆಂಪು ವಾರ ಎರಡು ವಾರದಲ್ಲಿ ತಾನಾಗೇ ಹೋಗುತ್ತೆ. ಹೋಯ್ತು ಕೂಡ.

ಮುಂದಿನ ತಿಂಗಳು ಎರಡನೇ ಇಂಜೆಕ್ಷನ್. ಶುಕ್ರವಾರ ಹಾಕಿದ್ದು. ಭಾನುವಾರ ಸಂಜೆ ಕಣ್ಣು ಮತ್ತೆ ಕೆಂಪಾಯ್ತು. ಈ ಸಲ ಒಳಗಿನಿಂದ ಸಿಡಿತ ಶುರುವಾಯ್ತು, ಬಲ್ಬಿನ ಬೆಳಕು ನೋಡೋಕಾಗ್ತಿಲ್ಲ, ನೋಟ ಗಂಟೆ ಗಂಟೆಗೂ ಮಬ್ಬಾಗ್ತಿದೆ ಅಂತ ಅಜ್ಜಿ ಹೇಳಿದರು. "ಹೋದ ಸಲಾನೂ ಕೆಂಪಾಗಿತ್ತಲ್ಲ ಅತ್ತೆ, ಡಾಕ್ಟ್ರು ಬೈದ್ರಲ್ಲ" ಅಂತ ಸೊಸೆ ಸಮಾಧಾನ ಮಾಡಿದರು. ಅದರಲ್ಲಿ ಆ ಹೆಣ್ಣುಮಗಳ ತಪ್ಪು ಏನೂ ಇಲ್ಲ. ಅವರು ಕಲಿತಿದ್ದ ಒಂದೇ ಪಾಠ ಅದು. ಸೋಮವಾರ ಹಬ್ಬ. ಮಂಗಳವಾರ ಹೋಗುವಷ್ಟರಲ್ಲಿ ಕಣ್ಣಿನ ಒಳಗೆ ಕೀವು ತುಂಬಿತ್ತು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು, ಕಣ್ಣೊಳಗೆ ಆಂಟಿಬಯೋಟಿಕ್ ಹಾಕಿದರು, ಆಪರೇಷನ್ ಆಯ್ತು. ಇವತ್ತು ಆ ಕಣ್ಣಿಗೆ ಎದುರು ಕೈ ಆಡಿಸಿದರೆ ಆಡ್ತಿದೆ ಅಂತ ಗೊತ್ತಾಗುತ್ತೆ, ಅಷ್ಟೇ.

ಕಣ್ಣಿನ ಒಳಗಿನ ಈ ಸೋಂಕಿಗೆ ಎಂಡಾಫ್ತಾಲ್ಮೈಟಿಸ್ ಅಂತಾರೆ. ಹೆಸರು ನಾಲಿಗೆಗೆ ಸಿಗದಿದ್ದರೂ ಪರವಾಗಿಲ್ಲ, ಲಕ್ಷಣ ನೆನಪಿರಲಿ. ಇದು ಅಪರೂಪ. ಶುದ್ಧವಾಗಿ ಹಾಕಿದರೆ ಸಾವಿರ ಇಂಜೆಕ್ಷನ್ನಿಗೆ ಒಂದಕ್ಕಿಂತಲೂ ಕಮ್ಮಿ. ಬಂದರೆ ಮಾತ್ರ ಗಂಟೆಗಳ ಲೆಕ್ಕ. ಭಾನುವಾರ ರಾತ್ರಿಯೇ ಹೋಗಿದ್ದರೆ ಅಜ್ಜಿಯ ಕಣ್ಣು ಉಳೀತಿತ್ತು ಅಂತ ಯಾರೂ ಬರೆದುಕೊಡಲ್ಲ, ಆದರೆ ಉಳಿಯೋ ಅವಕಾಶ ಹೆಚ್ಚಿರುತ್ತಿತ್ತು ಅಂತ ದೊಡ್ಡಾಸ್ಪತ್ರೆಯ ಡಾಕ್ಟರೇ ಹೇಳಿದರು. ಬರೀ ಕೆಂಪಾಗಿ ನೋವಿಲ್ಲದೆ, ನೋಟ ಕೆಡದೆ ಇದ್ದರೆ ಮನೆಯಲ್ಲೇ ಇರಿ. ಒಂದೆರಡು ದಿನ ಕಣ್ಣಿನ ಮುಂದೆ ಕಪ್ಪು ಚುಕ್ಕಿ, ಗುಳ್ಳೆ ತೇಲಿದ ಹಾಗೆ ಕಂಡರೆ, ಮೊದಲ ದಿನ ಮರಳು ಬಿದ್ದ ಹಾಗೆ ಚುರುಚುರು ಅಂದರೆ ಹೆದರಬೇಕಿಲ್ಲ. ಸೂಜಿಗೆ ಮೊದಲು ಹಾಕೋ ಅಯೋಡಿನ್ ದ್ರಾವಣದಿಂದಲೂ ಚುರುಚುರು ಆಗುತ್ತೆ. ನೋವು ಕಡಿಮೆಯಾಗೋ ಬದಲು ಜಾಸ್ತಿಯಾದರೆ, ನೋಟ ಇನ್ನೂ ಮಬ್ಬಾದರೆ, ಬೆಳಕು ನೋಡೋಕೆ ಆಗದಿದ್ದರೆ, ಕೀವು ಬಂದರೆ, ಮಿಂಚು ಹೊಡೆದ ಹಾಗೆ ಆದರೆ ಅಥವಾ ಒಂದು ಕಡೆಯಿಂದ ಪರದೆ ಇಳಿದ ಹಾಗೆ ಕಂಡರೆ ಆ ರಾತ್ರಿಯೇ ಹೊರಡಬೇಕು. ಮಿಂಚು, ಪರದೆ ಅಂದರೆ ರೆಟಿನಾ ಕಿತ್ತುಕೊಳ್ತಿರಬಹುದು. ಬೈಸಿಕೊಂಡರೂ ಸರಿ, ಹೊರಡಿ. ಅಲ್ಲಿಯವರೆಗೆ ಕಣ್ಣಿಗೆ ಹರಳೆಣ್ಣೆ, ಎದೆಹಾಲು, ಜೇನುತುಪ್ಪ ಏನನ್ನೂ ಬಿಡಬೇಡಿ.

ಇದಿಷ್ಟನ್ನು ಓದೋಕೆ ನಿಮಗೆ ಒಂದು ನಿಮಿಷ ಹಿಡೀತು. ಒಂದು ಕಾಗದದ ಒಂದೇ ಬದಿಗೆ ಹಿಡಿಸುತ್ತೆ. ಇದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡೋಕೆ ಆಸ್ಪತ್ರೆಗೆ ಏನು ಕಷ್ಟ?

ಡಾಕ್ಟರುಗಳನ್ನು ಕೇಳಿದೆವು. ಒಬ್ಬರು ನೇರವಾಗಿ ಹೇಳಿದರು: "ಸೈಡ್ ಎಫೆಕ್ಟ್ ಎಲ್ಲ ಹೇಳ್ತಾ ಕೂತರೆ ಹಳ್ಳಿ ಜನ ಹೆದರಿ ವಾಪಸ್ ಹೋಗ್ತಾರೆ. ಆಮೇಲೆ ಕಾಯಿಲೆಯಿಂದಲೇ ಕಣ್ಣು ಕಳ್ಕೋತಾರೆ." ಈ ಮಾತನ್ನು ತಳ್ಳಿಹಾಕೋಕೆ ಆಗಲ್ಲ, ಅವರಿಗೆ ಅನುಭವ ಇದೆ, ದಿನಕ್ಕೆ ನೂರಾರು ಜನರನ್ನು ನೋಡ್ತಾರೆ. ಆದರೆ ನಾವು ಕಂಡಿರೋದು ಉಲ್ಟಾ. ಏನೂ ಆಗಲ್ಲ ಅಂತ ನಂಬಿ ಹೋದವರಿಗೆ ಏನಾದರೂ ಆದಾಗ, ಅವರು ಔಷಧಿಯನ್ನೂ ನಂಬಲ್ಲ, ಡಾಕ್ಟರನ್ನೂ ನಂಬಲ್ಲ. ಅಜ್ಜಿಯ ಊರಲ್ಲಿ ಅದೇ ಆಯ್ತು. ಸೂಜಿ ಹಾಕಿಸಿ ಕಣ್ಣು ಹೋಯ್ತು ಅನ್ನೋ ಸುದ್ದಿ ಬಸ್ ಸ್ಟ್ಯಾಂಡಿನವರೆಗೂ ಬಂತು. ಎರಡು ಬೀದಿ ಆಚೆ ಒಬ್ಬ ಯಜಮಾನರು ಮೂರು ಇಂಜೆಕ್ಷನ್ ಮುಗಿಸಿ, ನೋಟ ಸ್ಥಿರವಾಗಿದ್ದವರು, ನಾಲ್ಕನೆಯದಕ್ಕೆ ಹೋಗಲೇ ಇಲ್ಲ. ಅವರಿಗೂ ಇದು ಮೂರಕ್ಕೆ ಮುಗಿಯೋದಲ್ಲ, ಬಿಪಿ ಮಾತ್ರೆ ಥರ ಬಹಳ ಕಾಲ ನಡೆಯೋದು ಅಂತ ಯಾರೂ ಸರಿಯಾಗಿ ಹೇಳಿರಲಿಲ್ಲ. "ಮೂರು ಹಾಕಿಸ್ಕೊಂಡೆ, ಇನ್ನೇನು ಸಾಕು" ಅಂದುಕೊಂಡಿದ್ದರು. ಅವರ ನಡುನೋಟ ಈಗ ಇಲ್ಲ. ಅದು ಔಷಧಿಯಿಂದ ಹೋಗಿದ್ದಲ್ಲ, ಔಷಧಿ ಬಿಟ್ಟಿದ್ದರಿಂದ ಹೋಗಿದ್ದು. ಇದನ್ನು ಯಾವ ಸೈಡ್ ಎಫೆಕ್ಟ್ ಪಟ್ಟಿಯಲ್ಲೂ ಬರೆಯಲ್ಲ.

ಔಷಧಿ ಯಾವುದು ಅನ್ನೋ ಪ್ರಶ್ನೆಗೆ ಬರೋಣ. ದೊಡ್ಡಾಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ ಅದು: ಯಾವ ಔಷಧಿ, ಯಾವ ಬ್ಯಾಚು, ಅವತ್ತು ಬೇರೆಯವರಿಗೂ ಹೀಗಾಗಿದೆಯಾ? ಬಿಲ್ಲಿನಲ್ಲಿ "ಐ ಇಂಜೆಕ್ಷನ್" ಅಂತ ಬಿಟ್ಟರೆ ಏನೂ ಇರಲಿಲ್ಲ.

ಹೆಸರು ಯಾಕೆ ಮುಖ್ಯ ಅಂದರೆ, ಈ ಇಂಜೆಕ್ಷನ್ನುಗಳೆಲ್ಲ ಒಂದೇ ಅಲ್ಲ. ರಾನಿಬಿಜುಮ್ಯಾಬ್, ಬೆವಾಸಿಜುಮ್ಯಾಬ್, ಅಫ್ಲಿಬರ್ಸೆಪ್ಟ್, ಬ್ರೋಲುಸಿಜುಮ್ಯಾಬ್, ಫಾರಿಸಿಮ್ಯಾಬ್ ಅಂತ ಹಲವು ಇವೆ. ಸೂಜಿಯಿಂದ ಬರೋ ಸೋಂಕಿನ ಅಪಾಯ ಎಲ್ಲಕ್ಕೂ ಇದೆ. ಔಷಧಿಯಿಂದಲೇ ಬರೋ ಅಪಾಯ ಒಂದೊಂದಕ್ಕೆ ಒಂದೊಂದು ಥರ.

ಬ್ರೋಲುಸಿಜುಮ್ಯಾಬ್ ಕಥೆ ಕೇಳಿ. ಅಮೆರಿಕದಲ್ಲಿ 2019ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಂಡರೂ ನಡೆಯುತ್ತೆ ಅನ್ನೋದು ಅದರ ಹೆಗ್ಗಳಿಕೆ. 2020ರ ಫೆಬ್ರವರಿಗೆಲ್ಲ ಅಲ್ಲಿನ ರೆಟಿನಾ ತಜ್ಞರ ಸಂಘ ತನ್ನ ಸದಸ್ಯರಿಗೆ ಎಚ್ಚರಿಕೆ ಕೊಟ್ಟಿತು: ಈ ಔಷಧಿ ಪಡೆದ ಕೆಲವರ ಕಣ್ಣಲ್ಲಿ ರಕ್ತನಾಳಗಳೇ ಉರಿಯೂತ ಬಂದು ಮುಚ್ಚಿಹೋಗ್ತಿವೆ. ಅದೇ ಜೂನ್‌ನಲ್ಲಿ ಔಷಧಿಯ ಎಚ್ಚರಿಕೆ ಚೀಟಿ ತಿದ್ದಲಾಯಿತು. ಆಮೇಲೆ ಸ್ವತಂತ್ರ ತಜ್ಞರು ಹಳೆಯ ಪರೀಕ್ಷೆಯ 1,088 ಕಣ್ಣುಗಳ ದಾಖಲೆಯನ್ನು ಮತ್ತೆ ತೆಗೆದು ನೋಡಿದರೆ, 50 ಕಣ್ಣಲ್ಲಿ ಒಳ ಉರಿಯೂತ ಆಗಿತ್ತು, ಅದರಲ್ಲಿ 23ರಲ್ಲಿ ರಕ್ತನಾಳ ಮುಚ್ಚಿದ ಲಕ್ಷಣ ಇತ್ತು. ಒಪ್ಪಿಗೆ ಸಿಗೋಕೆ ಮುಂಚಿನ ಕಾಗದದಲ್ಲೇ ಅಡಗಿದ್ದ ಸಂಗತಿ ಇದು. ಹೊರಗೆ ಬಂದಿದ್ದು ಯಾಕೆ? ಡಾಕ್ಟರುಗಳು ತಮ್ಮ ರೋಗಿಗೆ ಆಗಿದ್ದನ್ನು ಔಷಧಿ ಹೆಸರು, ದಿನಾಂಕ ಸಮೇತ ಬರೆದು ಕಳಿಸಿದ್ದರಿಂದ. ಒಪ್ಪಿಗೆಯಾದ ನಾಲ್ಕು ತಿಂಗಳಲ್ಲಿ ಗೊತ್ತಾಯ್ತು. "ಐ ಇಂಜೆಕ್ಷನ್" ಅಂತ ಬರೆದ ಬಿಲ್ಲುಗಳಿಂದ ನಾಲ್ಕು ವರ್ಷಕ್ಕೂ ಗೊತ್ತಾಗೋ ಸಂಗತಿ ಅಲ್ಲ ಇದು.

ಇನ್ನು ಬೆವಾಸಿಜುಮ್ಯಾಬ್. ಅವಾಸ್ಟಿನ್ ಅನ್ನೋದು ಅದರ ಮೊದಲ ಕಂಪನಿ ಹೆಸರು. ಬಡವರ ಕಣ್ಣು ಉಳಿಸಿದ ಔಷಧಿ ಅಂದರೆ ತಪ್ಪಾಗಲ್ಲ. 2004ರಲ್ಲಿ ಒಪ್ಪಿಗೆ ಸಿಕ್ಕಿದ್ದು ಕರುಳಿನ ಕ್ಯಾನ್ಸರಿಗೆ. ಕಣ್ಣಿಗೂ ಕೆಲಸ ಮಾಡುತ್ತೆ ಅಂತ ಡಾಕ್ಟರುಗಳೇ ಕಂಡುಕೊಂಡರು. ಅಮೆರಿಕದ ಸರ್ಕಾರಿ ಕಣ್ಣಿನ ಸಂಸ್ಥೆ ದುಡ್ಡು ಹಾಕಿ, ಇದನ್ನೂ ದುಬಾರಿ ರಾನಿಬಿಜುಮ್ಯಾಬನ್ನೂ ಹೋಲಿಸಿ ನೋಡಿಸಿತು. 2011ರಲ್ಲಿ ಬಂದ ಫಲಿತಾಂಶ: ನೋಟ ಉಳಿಸೋದರಲ್ಲಿ ಎರಡೂ ಸಮ. ಆಗ ಅಲ್ಲಿ ಒಂದು ಡೋಸಿಗೆ ಒಂದರ ಬೆಲೆ ಸುಮಾರು 2,000 ಡಾಲರ್, ಇನ್ನೊಂದರದ್ದು ಸುಮಾರು 50 ಡಾಲರ್. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೆವಾಸಿಜುಮ್ಯಾಬನ್ನು ಕಣ್ಣಿನ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಆ 2011ರ ಪರೀಕ್ಷೆಯಲ್ಲಿ ಒಂದು ಕಸಿವಿಸಿಯ ಅಂಕಿಯೂ ಇತ್ತು, ಮುಚ್ಚಿಡೋದು ಬೇಡ. ಒಂದು ವರ್ಷದಲ್ಲಿ ಯಾವುದೋ ಒಂದು ಗಂಭೀರ ಆರೋಗ್ಯ ತೊಂದರೆ ಆದವರು ಬೆವಾಸಿಜುಮ್ಯಾಬ್ ಗುಂಪಿನಲ್ಲಿ ನೂರಕ್ಕೆ 24, ಇನ್ನೊಂದರಲ್ಲಿ 19. ಆಮೇಲೆ 2014ರಲ್ಲಿ ಕಾಕ್ರೇನ್ ತಜ್ಞರು ಒಂಬತ್ತು ಪರೀಕ್ಷೆಗಳ 3,665 ಜನರ ಲೆಕ್ಕವನ್ನು ಒಟ್ಟು ಮಾಡಿ ನೋಡಿದಾಗ, ಸಾವಿನಲ್ಲಾಗಲಿ ಗಂಭೀರ ತೊಂದರೆಯಲ್ಲಾಗಲಿ ಎರಡಕ್ಕೂ ಎದ್ದುಕಾಣೋ ವ್ಯತ್ಯಾಸ ಸಿಗಲಿಲ್ಲ. ಆದರೂ ಈ ಗುಂಪಿನ ಎಲ್ಲ ಔಷಧಿಗಳ ಚೀಟಿಯಲ್ಲೂ ರಕ್ತ ಹೆಪ್ಪುಗಟ್ಟೋದರ ಬಗ್ಗೆ, ಅಂದರೆ ಸ್ಟ್ರೋಕ್, ಹಾರ್ಟ್ ಅಟ್ಯಾಕ್ ಬಗ್ಗೆ ಒಂದು ಎಚ್ಚರಿಕೆ ಇದೆ. ಇತ್ತೀಚೆಗೆ ಲಕ್ವ ಹೊಡೆದವರು, ಹೃದಯದ ತೊಂದರೆ ಆದವರು ಇಂಜೆಕ್ಷನ್ನಿಗೆ ಮುಂಚೆ ಅದನ್ನು ಹೇಳಲೇಬೇಕು. ನಮ್ಮ ಹಿರಿಯರು ಹೇಳಲ್ಲ. "ಕಣ್ಣಿಗೆ ಬಂದಿದೀನಿ, ಎದೆ ಇಚಾರ ಇವರಿಗ್ಯಾಕೆ" ಅಂತಾರೆ. ಕೇಳಬೇಕಾದವರೂ ಕೇಳಲ್ಲ.

ಬೆವಾಸಿಜುಮ್ಯಾಬಿನ ನಿಜವಾದ ಅಪಾಯ ಇರೋದು ಅದು ಅಗ್ಗವಾಗಿರೋ ರೀತಿಯಲ್ಲೇ. ಕ್ಯಾನ್ಸರಿಗೆ ಅಂತ ಬರೋ ಒಂದು ಸಣ್ಣ ಬಾಟಲಿಯಲ್ಲಿ 4 ಮಿಲಿ ಔಷಧಿ. ಒಂದು ಕಣ್ಣಿಗೆ ಬೇಕಾಗೋದು 0.05 ಮಿಲಿ, ಒಂದು ಹನಿಯಷ್ಟು. ಹಾಗಾಗಿ ಒಂದೇ ಬಾಟಲಿಯನ್ನು ಹತ್ತಾರು ಸಿರಿಂಜಿಗೆ ಹಂಚ್ತಾರೆ. ಹಂಚೋ ಜಾಗ, ಹಂಚೋ ಕೈ, ಫ್ರಿಜ್ಜು ಎಲ್ಲ ಶುದ್ಧವಾಗಿದ್ದರೆ ಸರಿ. ಒಂದು ಕಡೆ ಕೊಳೆ ಸೇರಿದರೆ ಅವತ್ತಿನ ಸಾಲಿನಲ್ಲಿ ಕೂತ ಎಲ್ಲರ ಕಣ್ಣಿಗೂ ಹೋಗುತ್ತೆ. ದುಬಾರಿ ಔಷಧಿಗೆ ನಕಲಿ ಮಾಡೋರೂ ಹುಟ್ಟಿಕೊಳ್ತಾರೆ. 2010ರಲ್ಲಿ ಚೀನಾದ ಶಾಂಘೈನಲ್ಲಿ ಒಂದೇ ಆಸ್ಪತ್ರೆಯಲ್ಲಿ 116 ಮಂದಿಗೆ ಹಾಕಿದಾಗ 61 ಮಂದಿಗೆ ಕಣ್ಣು ಕೆಟ್ಟಿತು, ಔಷಧಿ ನಕಲಿ ಅಂತ ಆಮೇಲೆ ಗೊತ್ತಾಯ್ತು. 2023ರಲ್ಲಿ ಪಾಕಿಸ್ತಾನದ ಪಂಜಾಬಿನಲ್ಲಿ ಯಾರೋ ಅಕ್ರಮವಾಗಿ ಹಂಚಿ ಮಾರಿದ ಇಂಜೆಕ್ಷನ್ನಿನಿಂದ ಹತ್ತಾರು ಸಕ್ಕರೆ ಕಾಯಿಲೆಯವರು ನೋಟ ಕಳೆದುಕೊಂಡರು. ನಮ್ಮ ದೇಶದಲ್ಲೇ 2016ರ ಜನವರಿಯಲ್ಲಿ ಗುಜರಾತಿನಲ್ಲಿ 15 ಮಂದಿಗೆ ಹೀಗಾಯ್ತು. ಕೇಂದ್ರದ ಔಷಧ ನಿಯಂತ್ರಕರು ಕಣ್ಣಿಗೆ ಇದನ್ನು ಬಳಸಲೇಬೇಡಿ ಅಂತ ಆದೇಶ ಹೊರಡಿಸಿದರು. ಬಡ ರೋಗಿಗಳು ಏನು ಮಾಡಬೇಕು ಅಂತ ಕಣ್ಣಿನ ಡಾಕ್ಟರುಗಳ ಸಂಘಗಳು ಗಲಾಟೆ ಮಾಡಿದವು. ಮಾರ್ಚಿನಲ್ಲಿ ಆ ನಿರ್ಬಂಧ ಹಿಂದಕ್ಕೆ ಹೋಯ್ತು.

ಈ ಎರಡು ತಿಂಗಳ ನಾಟಕದಲ್ಲಿ ನಮಗೆ ಕಾಣೋದು ಇದು. ತಪ್ಪಾದಾಗ ಮೊದಲು ಪೂರ್ತಿ ಬಾಗಿಲು ಹಾಕಿದರು, ಆಮೇಲೆ ಪೂರ್ತಿ ತೆಗೆದರು. ನಡುವೆ ಮಾಡಬಹುದಾಗಿದ್ದ ಕೆಲಸ ಸುಲಭದ್ದು: ಪ್ರತಿ ರೋಗಿಗೂ ಔಷಧಿ ಹೆಸರು, ಬ್ಯಾಚ್ ನಂಬರ್, ಬಾಟಲಿ ತೆಗೆದ ದಿನ ಬರೆದ ಕಾಗದ ಅವರ ಭಾಷೆಯಲ್ಲಿ ಕೊಡಲೇಬೇಕು ಅಂತ ನಿಯಮ ಮಾಡೋದು. ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ 2019ರ ಜುಲೈನಲ್ಲಿ ಆದದ್ದು ನೆನಪಿದೆಯಲ್ಲ? ಅದು ಪೊರೆ ಆಪರೇಷನ್, ಬೇರೆ ಔಷಧಿ. ಅಲ್ಲೂ ಒಂದೇ ದಿನ ಆಪರೇಷನ್ ಆದವರಿಗೆ ಒಟ್ಟಿಗೆ ಸೋಂಕಾಗಿ, ಬಳಸಿದ ದ್ರಾವಣದ ಬ್ಯಾಚಿನ ಕಡೆಗೇ ಬೆರಳು ಹೋಯ್ತು. ದೊಡ್ಡ ಸರ್ಕಾರಿ ಆಸ್ಪತ್ರೆ ಅಂತ ಸುದ್ದಿಯಾಯ್ತು. ತಾಲ್ಲೂಕಿನ ಆಸ್ಪತ್ರೆಯಲ್ಲಿ ಒಬ್ಬೊಬ್ಬರಾಗಿ, ಬೇರೆ ಬೇರೆ ಊರಿಗೆ ಹೋಗಿ ಮಲಗಿದವರನ್ನು ಯಾರು ಕೂಡಿಸಿ ನೋಡ್ತಾರೆ?

ಹೆದರಿಕೆಯನ್ನೂ ಮಾರೋರಿದ್ದಾರೆ ಅನ್ನೋದು ಗೊತ್ತಿರಲಿ. 2014ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ರೋಶ್ ಮತ್ತು ನೊವಾರ್ಟಿಸ್ ಅನ್ನೋ ಎರಡು ಭಾರೀ ಔಷಧ ಕಂಪನಿಗಳಿಗೆ ಒಟ್ಟು 18 ಕೋಟಿ ಯೂರೋಗೂ ಹೆಚ್ಚು ದಂಡ ಹಾಕಿತು. ಆರೋಪ ಏನಂದರೆ, ಇಬ್ಬರೂ ಮಾತಾಡಿಕೊಂಡು ಅಗ್ಗದ ಅವಾಸ್ಟಿನ್ ಕಣ್ಣಿಗೆ ಅಪಾಯ ಅನ್ನೋ ಭಾವನೆ ಹುಟ್ಟಿಸಿ, ಜನ ದುಬಾರಿ ಲುಸೆಂಟಿಸ್ ಕಡೆ ಹೋಗೋ ಹಾಗೆ ಮಾಡಿದರು ಅಂತ. ಕಂಪನಿಗಳು ಇದನ್ನು ಒಪ್ಪಲಿಲ್ಲ, ಕೋರ್ಟಿಗೆ ಹೋದವು. ಹಾಗಾಗಿ "ಅಗ್ಗದ್ದು ಹಾಕಿಸಿದರೆ ನಿಮ್ಮದೇ ರಿಸ್ಕು" ಅಂತ ಯಾರಾದರೂ ಕೌಂಟರಿನಲ್ಲಿ ಕೂತು ಹೇಳಿದರೆ, ರಿಸ್ಕು ಏನು, ಎಷ್ಟು, ದುಬಾರಿಯದರಲ್ಲಿ ಅದು ಇಲ್ಲವಾ ಅಂತ ಕೇಳಿ. ಡಾಕ್ಟರು ಕಾರಣ ಕೊಟ್ಟರೆ ಸರಿ. ಯಾವ ಔಷಧಿ ನಿಮಗೆ ಹೊಂದುತ್ತೆ ಅಂತ ಹೇಳಬೇಕಾದವರು ಅವರೇ. ಬರೀ ಹೆದರಿಸಿ ಕಳಿಸಿದರೆ ಅದು ವ್ಯಾಪಾರ.

ಮೆಡಿಕಲ್ ಶಾಪಿನಲ್ಲಿ ಸಿಗೋ "ಕಣ್ಣಿನ ವಿಟಮಿನ್" ಬಗ್ಗೆ ಎರಡು ಮಾತು, ಯಾಕೆಂದರೆ ನಮ್ಮ ಹಿರಿಯರು ತಿಂಗಳಿಗೆ ನೂರಾರು ರೂಪಾಯಿ ಅದಕ್ಕೆ ಸುರೀತಾರೆ. ಅಮೆರಿಕದ ಅದೇ ಕಣ್ಣಿನ ಸಂಸ್ಥೆ 2001ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ವಿಟಮಿನ್ ಸಿ, ಇ, ಬೀಟಾ ಕ್ಯಾರೋಟಿನ್, ಜಿಂಕ್ ಸೇರಿದ ಮಾತ್ರೆ, ಮಧ್ಯಮ ಹಂತದ ಒಣ ಬಗೆಯವರಲ್ಲಿ ಕಾಯಿಲೆ ಮುಂದುವರಿಯೋ ಸಾಧ್ಯತೆಯನ್ನು ಕಾಲು ಭಾಗದಷ್ಟು ಕಮ್ಮಿ ಮಾಡಿತು. ಶುರುವಿನ ಹಂತದವರಿಗೆ ಅದರಿಂದ ಲಾಭ ಕಾಣಲಿಲ್ಲ. ಪೊರೆ ಆಪರೇಷನ್ ಆದವರಿಗೆಲ್ಲ ಬರೆದುಕೊಡೋ ಮಾತ್ರೆ ಅಲ್ಲ ಇದು. ಇನ್ನೊಂದು, ಬೀಡಿ ಸಿಗರೇಟು ಸೇದೋರು, ಸೇದಿ ಬಿಟ್ಟವರು ಬೀಟಾ ಕ್ಯಾರೋಟಿನ್ ಇರೋ ಮಾತ್ರೆ ತಗೋಬಾರದು, ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುತ್ತೆ. 2013ರ ಎರಡನೇ ಪರೀಕ್ಷೆಯ ನಂತರ ಅದನ್ನು ತೆಗೆದು ಲುಟೀನ್, ಜಿಯಾಕ್ಸಾಂತಿನ್ ಹಾಕಿದ್ದಾರೆ. ಡಬ್ಬಿ ಮೇಲೆ ಇಂಗ್ಲಿಷಿನಲ್ಲಿ ಇರೋದನ್ನು ಮಕ್ಕಳ ಕೈಲಿ ಓದಿಸಿ. ಬೀಡಿ ಬಿಡೋದು ಯಾವ ಮಾತ್ರೆಗಿಂತಲೂ ಈ ಕಾಯಿಲೆಗೆ ಒಳ್ಳೇದು, ಅದು ಉಚಿತ ಕೂಡ.

ಈಗ ನಾವು ಕೇಳೋದೇನು ಅಂದರೆ, ಭಿಕ್ಷೆ ಕೇಳ್ತಿಲ್ಲ. ರೋಗಿಗೆ ಚಿಕಿತ್ಸೆ ಏನು, ಲಾಭ ಏನು, ಅಪಾಯ ಏನು, ಬೇರೆ ದಾರಿ ಏನಿದೆ ಅಂತ ಸಾಕಷ್ಟು ತಿಳಿಸಿ ಒಪ್ಪಿಗೆ ಪಡೀಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ, ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಓದೋಕೆ ಬಾರದ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸೋದು ಯಾವ ಲೆಕ್ಕದ ತಿಳಿಸೋದು? ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯರ ನೀತಿ ನಿಯಮದಲ್ಲಿದೆ. ಬಾಯಲ್ಲಿ ಕೇಳಿ ಕೊಡದಿದ್ದರೆ ಬರೆದು ಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ. ಔಷಧಿಯಿಂದ ತೊಂದರೆಯಾದರೆ ಡಾಕ್ಟರೇ ದೂರು ಕೊಡಬೇಕು ಅಂತೇನಿಲ್ಲ. ಕೇಂದ್ರ ಸರ್ಕಾರದ ಔಷಧ ಸುರಕ್ಷತೆಯ ಸಹಾಯವಾಣಿ 1800-180-3024 ಇದೆ, ಕೆಲಸದ ದಿನಗಳಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಫೋನ್ ಮಾಡಬಹುದು. ಸಾರ್ವಜನಿಕರಿಗೆ ಅಂತ ಬೇರೆ ಫಾರಂ ಇದೆ, ಕನ್ನಡದಲ್ಲೂ ಇದೆ. ನಾವು ಕೇಳಿದ ಮೂರು ಮೆಡಿಕಲ್ ಶಾಪಿನವರಿಗೂ, ಇಬ್ಬರು ಆಶಾ ಅಕ್ಕಂದಿರಿಗೂ ಈ ನಂಬರ್ ಗೊತ್ತಿರಲಿಲ್ಲ. ನಮಗೂ ಅಜ್ಜಿಯ ಕಣ್ಣು ಹೋಗೋವರೆಗೆ ಗೊತ್ತಿರಲಿಲ್ಲ, ಪತ್ರಿಕೋದ್ಯಮ ಓದಿದ್ದೀವಿ ಅಂತ ಹೇಳ್ಕೊಳ್ಳೋಕೆ ನಾಚಿಕೆಯಾಗುತ್ತೆ.

ದಾವಣಗೆರೆ, ಶಿವಮೊಗ್ಗ, ತುಮಕೂರು, ಎಲ್ಲಿಯದೇ ಇರಲಿ, ಕಣ್ಣಿಗೆ ಈ ಇಂಜೆಕ್ಷನ್ ಹಾಕೋ ಪ್ರತಿ ಆಸ್ಪತ್ರೆಯೂ ರೋಗಿ ಹೊರಡೋ ಮುಂಚೆ ಕೈಗೆ ಒಂದು ಕನ್ನಡದ ಚೀಟಿ ಕೊಡಬೇಕು. ಅದರಲ್ಲಿ ಔಷಧಿ ಹೆಸರು, ಬ್ಯಾಚ್ ನಂಬರ್, ಯಾವ ಕಣ್ಣು, ಮುಂದಿನ ದಿನಾಂಕ, ಹೆದರಬೇಕಾದ ಲಕ್ಷಣ, ಹೆದರಬೇಡದ ಲಕ್ಷಣ, ರಾತ್ರಿಯೂ ಎತ್ತೋ ಒಂದು ಫೋನ್ ನಂಬರ್ ಇರಬೇಕು. ಇದನ್ನು ಆರೋಗ್ಯ ಇಲಾಖೆ ಒಂದು ಸುತ್ತೋಲೆಯಲ್ಲಿ ಕಡ್ಡಾಯ ಮಾಡಬಹುದು. ಕೀಟನಾಶಕದ ಕಂಪನಿಗೆ ಮಾಡಿಸೋಕೆ ಆಗಿದ್ದನ್ನು ಆಸ್ಪತ್ರೆಗೆ ಮಾಡಿಸೋಕೆ ಆಗಲ್ಲ ಅಂದರೆ ನಂಬೋದು ಹೇಗೆ?

ಅಜ್ಜಿಯ ಎಡಗಣ್ಣಿಗೂ ಹೋದ ವರ್ಷ ಅದೇ ಕಾಯಿಲೆ ಶುರುವಾಯ್ತು. ಮಗ ಇಂಜೆಕ್ಷನ್ ಬೇಡವೇ ಬೇಡ ಅಂದರು. ಮೂರು ವಾರ ಮನೆಯಲ್ಲಿ ಇದೇ ಜಗಳ. ಕೊನೆಗೆ ಅಜ್ಜಿಯೇ, "ಇದೂ ಹೋದ್ರೆ ನನ್ನ ಕೈ ಹಿಡ್ಕಂಡು ಕಕ್ಕಸಿಗೆ ಕರ್ಕೊಂಡು ಹೋಗೋರು ಯಾರು? ನಡೀರಿ" ಅಂದರು. ಬೇರೆ ಆಸ್ಪತ್ರೆಗೆ ಹೋದರು. ಅಲ್ಲಿಯ ಡಾಕ್ಟರು ಔಷಧಿಯ ಡಬ್ಬಿ ತೋರಿಸಿ, ಬ್ಯಾಚ್ ಸ್ಟಿಕ್ಕರನ್ನು ಕಾರ್ಡಿಗೆ ಅಂಟಿಸಿ, ಹಿಂದಗಡೆ ತಮ್ಮ ಕೈಯಲ್ಲೇ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಟ್ಟರು. ಅವರಿಗೂ ಹೊರಗೆ ಅಷ್ಟೇ ಜನ ಕಾಯ್ತಿದ್ದರು. ಐದು ಇಂಜೆಕ್ಷನ್ ಆಗಿದೆ. ಒಂದು ಸಲ ಕೆಂಪಾಗಿತ್ತು, ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಇನ್ನೊಂದು ಸಲ ರಾತ್ರಿ ಹತ್ತು ಗಂಟೆಗೆ ನೋವು ಅಂದಾಗ ಸೊಸೆ ಫೋನ್ ಮಾಡಿದರು, ಎತ್ತಿದರು. ಮಾರನೇ ಬೆಳಿಗ್ಗೆ ಹೋಗಿ ತೋರಿಸಿದಾಗ ಕಣ್ಣಿನ ಒತ್ತಡ ಸ್ವಲ್ಪ ಏರಿತ್ತು, ಹನಿ ಹಾಕಿ ಸರಿ ಮಾಡಿದರು.

ನಿಮ್ಮ ಮನೆಯಲ್ಲೂ ಯಾರಿಗಾದರೂ ಇಂಜೆಕ್ಷನ್ ಆಗಿದ್ದರೆ ಇವತ್ತೇ ಬಿಲ್ಲು ತೆಗೆದು ನೋಡಿ, ಹೆಸರು, ಬ್ಯಾಚ್ ನಂಬರ್ ಇದೆಯಾ ಅಂತ. ಇಲ್ಲದಿದ್ದರೆ ಮುಂದಿನ ಸಲ ಹೋದಾಗ ಬರೆಸಿಕೊಂಡು ಬನ್ನಿ. ಕೊಡಲ್ಲ ಅಂದರೆ ನಮಗೆ ಬರೆಯಿರಿ. ನಾವು ಆ ಇಲಾಖೆಯ ಬಾಗಿಲಿಗೆ ಒಬ್ಬರೇ ಹೋಗೋದು ಬೇಡ, ಬಿಲ್ಲಿನ ಕಟ್ಟು ಹೊತ್ತುಕೊಂಡೇ ಹೋಗೋಣ.